ಹಳೇ ಅಲಾಯ್ ಹಾಕಿಸಿದೆ, ತೂತೇನೋ ಸರಿಯಾಗಿ ಕೂತಿತು, ಗಾಡಿ ಮಾತ್ರ ನಡುಗ್ತಿದೆ

ಬೇಲೂರು ಸ್ವಿಫ್ಟ್
ನಮಸ್ಕಾರ ಎಲ್ಲರಿಗೂ. ನನ್ನದು 2018ರ ಸ್ವಿಫ್ಟ್. ಕಂಪನಿಯಿಂದ ಬಂದಿದ್ದು 14 ಇಂಚಿನ ಸ್ಟೀಲ್ ಡಿಸ್ಕ್, 165/80 ಟಯರು (165 ಮಿಲಿಮೀಟರ್ ಅಗಲ, ಪಕ್ಕದ ರಬ್ಬರಿನ ಎತ್ತರ ಅದರ 80 ಪರ್ಸೆಂಟ್). ಜುಲೈ ಮಳೆಯಲ್ಲಿ ಮೂಡಿಗೆರೆಯಿಂದ ವಾಪಸ್ ಬರುವಾಗ ನೀರು ತುಂಬಿದ ಗುಂಡಿ ಕಾಣಲಿಲ್ಲ. ಮುಂದಿನ ಎಡಗಡೆ ಡಿಸ್ಕ್ ಬೆಂಡ್ ಆಯಿತು. ಹೇಗೂ ಒಂದು ಬದಲಿಸಬೇಕು, ನಾಲ್ಕೂ ಅಲಾಯ್ ಹಾಕಿಸಿಬಿಡೋಣ ಅಂತ ಆಸೆ ಹುಟ್ಟಿತು.

ಹಾಸನದಲ್ಲಿ ಒಬ್ಬರು ತಮ್ಮ ಐ20ಯಿಂದ ಬಿಚ್ಚಿಟ್ಟಿದ್ದ 15 ಇಂಚಿನ ಅಲಾಯ್ ಸೆಟ್ ಕೊಟ್ಟರು. ಹೊರಗಡೆ ಅಂಗಡಿಯ ಅಲಾಯ್, ಕಂಪನಿಯದ್ದಲ್ಲ. ಜೊತೆಗೆ 205/65 ಟಯರು, ನಟ್ಟು ಎಲ್ಲಾ ಸೇರಿ. "ಐ20ಗೂ ಸ್ವಿಫ್ಟ್‌ಗೂ ಪಿಸಿಡಿ ಒಂದೇ, ಕಣ್ಣು ಮುಚ್ಚಿಕೊಂಡು ಹಾಕಿ" ಅಂದರು. ಪಂಕ್ಚರ್ ಅಂಗಡಿಯಲ್ಲಿ ಹತ್ತೇ ನಿಮಿಷದಲ್ಲಿ ಹಾಕಿಕೊಟ್ಟರು. ನೋಡೋಕೆ ಗಾಡಿ ಭರ್ಜರಿ ಕಾಣುತ್ತೆ, ಸುಳ್ಳು ಹೇಳಲ್ಲ.

ಆದರೆ 80 ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಮನೆಯವರನ್ನೆಲ್ಲ ಕೂರಿಸಿಕೊಂಡು ತಿರುವು ತಗೊಂಡರೆ ಎಲ್ಲೋ ಗರ್ರ್ ಅಂತ ಉಜ್ಜುವ ಸದ್ದು. ಎರಡು ಸಲ ಬ್ಯಾಲೆನ್ಸಿಂಗ್, ಒಂದು ಸಲ ಅಲೈನ್‌ಮೆಂಟ್ ಮಾಡಿಸಿದೆ. ದುಡ್ಡು ಹೋಯಿತು, ನಡುಕ ಹೋಗಲಿಲ್ಲ. ಏನು ಮಾಡಲಿ?

ಕೆಎ13 ಗುರು
ಬ್ಯಾಲೆನ್ಸಿಂಗ್ ಮಾಡಿದವನು ಸರಿಯಾಗಿ ಮಾಡಿಲ್ಲ ಅಷ್ಟೇ. ಬೇರೆ ಕಡೆ ಮಾಡಿಸಿ. ನಾಲ್ಕು ತೂತು, 100 ಪಿಸಿಡಿ ಅಂದರೆ ಮುಗೀತು. ಐ20, ಸ್ವಿಫ್ಟ್, ಸಿಟಿ ಎಲ್ಲಾ ಒಂದೇ ಜಾತಿ. ಸುಮ್ನೆ ತಲೆ ಕೆಡಿಸ್ಕೋಬೇಡಿ.

ಲೇತ್ ಮೇಷ್ಟ್ರು
ಗುರು ಅವರೇ, ನಕ್ಷತ್ರ ಒಂದು ಕೂಡಿ ಬಂತು ಅಂತ ಉಳಿದ ಜಾತಕ ನೋಡದೆ ಮದುವೆ ಮಾಡಿದ ಹಾಗಾಯಿತು ನಿಮ್ಮ ಮಾತು. ಪಿಸಿಡಿ ಅಂದರೆ ನಟ್ಟಿನ ತೂತುಗಳ ಮಧ್ಯಬಿಂದು ಹಾದು ಹೋಗುವ ವೃತ್ತದ ಅಡ್ಡಳತೆ. ಅದು ಸರಿ ಇದ್ದರೆ ಚಕ್ರ ಸ್ಟಡ್ಡಿನ ಮೇಲೆ, ಅಂದರೆ ನಟ್ಟು ಹಾಕುವ ಕಂಬಿಗಳ ಮೇಲೆ, ಏರುತ್ತದೆ, ಅಷ್ಟೇ. ಏರಿದ್ದೆಲ್ಲ ಕೂತ ಹಾಗಲ್ಲ.

ಬೇಲೂರಿನವರೇ, ಒಂದು ಚಕ್ರ ಬಿಚ್ಚಿ ಹಿಂದುಗಡೆ ತಿರುಗಿಸಿ ನೋಡಿ. ಎಲ್ಲೋ ಒಂದು ಕಡೆ 15x6ಜೆ, 15x7ಜೆ ಅಂತ ಅಚ್ಚು ಇರುತ್ತದೆ, 15 ರಿಮ್ಮಿನ ಅಡ್ಡಳತೆ, 6 ಅಥವಾ 7 ಅದರ ಅಗಲ, ಎರಡೂ ಇಂಚಿನಲ್ಲಿ. ಇನ್ನೊಂದು ಕಡೆ ಇಟಿ ಅಂತ ಇದ್ದು ಮುಂದೆ ಒಂದು ಅಂಕೆ, ಅದು ಆಫ್‌ಸೆಟ್, ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಹಬ್ಬಿಗೆ ಒತ್ತುವ ಮುಖ ಎಷ್ಟು ಮಿಲಿಮೀಟರ್ ದೂರ ಅಂತ. ಮಧ್ಯದ ದೊಡ್ಡ ತೂತನ್ನು ಅಳೆಯಿರಿ. ಗಾಡಿಯ ಹಬ್ಬಿನ (ಚಕ್ರ ಕೂರುವ ಭಾಗದ) ನಡುವೆ ಹೊರಚಾಚಿದ ಮೂತಿಯನ್ನೂ ಅಳೆಯಿರಿ. ಯಾವ ನಟ್ಟು ಹಾಕಿದ್ದಾರೆ ಅಂತ ಹೇಳಿ. ಇಷ್ಟು ಹೇಳದೆ ನಾವು ಇಲ್ಲಿ ಕೂತು ಕಣಿ ಹೇಳೋಕಾಗಲ್ಲ.

ಸಕಲೇಶಪುರ ಮಳೆ
ಅದಕ್ಕೂ ಮುಂಚೆ ಒಂದು ಪ್ರಶ್ನೆ. ತೋಟದ ರಸ್ತೆಗೆ ಹೋಗಿದ್ದಿರಾ? ನನಗೂ ಹೋದ ವರ್ಷ ಹೀಗೇ ನಡುಕ ಬಂದು ಎರಡು ವಾರ ಪೇಚಾಡಿದೆ. ಬ್ಯಾಲೆನ್ಸಿಂಗ್ ಅಂಗಡಿಯ ಹುಡುಗ ಚಕ್ರ ಬಿಚ್ಚಿದ. ರಿಮ್ಮಿನ ಒಳಗೆ ಅಂಗೈ ಅಗಲದ ಕೆಸರು ಒಣಗಿ ಇಟ್ಟಿಗೆ ಹಾಗೆ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್‌ನಲ್ಲಿ ಮೀಟಿ ತೆಗೆದ, ನಡುಕ ಮಾಯ. ದುಡ್ಡು ಕೂಡ ತಗೊಳ್ಳಲಿಲ್ಲ ಪಾಪ.

ಬೇಲೂರು ಸ್ವಿಫ್ಟ್
ಇಲ್ಲ ಸರ್, ತೊಳೆದಿದ್ದೇನೆ. ನಾಳೆ ಭಾನುವಾರ, ಬಿಚ್ಚಿ ನೋಡಿ ಹೇಳ್ತೇನೆ.

ಮೂಡಿಗೆರೆ ಅಕ್ಕ
ಆ ಗುಂಡಿ ಯಾವ ಕಡೆದು? ನಮ್ಮ ಜೀಪಿನದ್ದೂ ಒಂದು ಬ್ಯಾಲೆನ್ಸ್ ತುಂಡು ಅಲ್ಲೇ ಬಿದ್ದಿದೆ, ಸಿಕ್ಕಿದರೆ ಕೊಡಿ.

ಕಡೂರು ಕಾಯಿ
😂

ಘಟ್ಟದ ಟ್ಯಾಕ್ಸಿ
ಮಧ್ಯದ ತೂತಿನ ವಿಷಯ ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಇನ್ನೋವಾ ಒಂದು ಸಲ ದೋಣಿಗಲ್ ಹತ್ತಿರ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ, ನನ್ನದೇ ತಪ್ಪು. ಅಕ್ಕನ ಮಗ ಕ್ರೆಟಾ ತಂದಿದ್ದ. ಅವನದ್ದೂ ಐದು ತೂತು, 114.3 ಪಿಸಿಡಿ. ನನ್ನದೂ ಅದೇ. ಅವನ ಸ್ಟೆಪ್ನಿ ಇಟ್ಟರೆ ಸ್ಟಡ್ಡಿಗೆ ಏರಿತು, ಆದರೆ ಮಧ್ಯದಲ್ಲಿ ಬೆರಳಿನ ಉಗುರು ಹೋಗುವಷ್ಟು ಸಂದು. ಇನ್ನೋವಾ ಹಬ್ಬು 60.1, ಕ್ರೆಟಾ ರಿಮ್ಮಿನ ತೂತು 67.1. ಹಾಗೆ ಹಾಕಿಕೊಂಡು 30ರಲ್ಲಿ ತೆವಳಿಕೊಂಡು ಸಕಲೇಶಪುರ ಸೇರಿದೆ. ಉಲ್ಟಾ ಮಾಡಿದ್ದರೆ, ಅಂದರೆ ಇನ್ನೋವಾ ರಿಮ್ಮನ್ನು ಕ್ರೆಟಾಗೆ ಇಟ್ಟರೆ, ಮೂತಿ ಒಳಗೇ ಹೋಗಲ್ಲ.

ಕೆಎ13 ಗುರು
ಟ್ಯಾಕ್ಸಿ ಅಣ್ಣ, ಹಾಗಾದರೆ ಏಳು ಮಿಲಿಮೀಟರ್ ಸಂದು ಇಟ್ಟುಕೊಂಡು ನಡುಗದೆ ಹೇಗೆ ಬಂದಿರಿ?

ಘಟ್ಟದ ಟ್ಯಾಕ್ಸಿ
30ರಲ್ಲಿ ಯಾವುದೂ ನಡುಗಲ್ಲ ಗುರು. ನಮ್ಮ ರಸ್ತೆಯ ಗುಂಡಿಯೇ ಅದಕ್ಕಿಂತ ಜಾಸ್ತಿ ನಡುಗಿಸುತ್ತೆ.

ಬೇಲೂರು ಸ್ವಿಫ್ಟ್
ಬಿಚ್ಚಿದೆ. ಹಿಂದೆ 4-100, 15x7ಜೆ, ಇಟಿ35 ಅಂತ ಇದೆ. ಮಧ್ಯದ ತೂತು ಪಕ್ಕದ ಮನೆಯವರ ವರ್ನಿಯರ್‌ನಲ್ಲಿ 73 ಚಿಲ್ಲರೆ ಬಂತು. ಹಬ್ಬಿನ ಮೂತಿ 54. ಅಂದರೆ ಮೂತಿ ಆ ತೂತಿನಲ್ಲಿ ಬಾವಿಗೆ ಬಿಂದಿಗೆ ಬಿಟ್ಟ ಹಾಗೆ ತೂಗಾಡುತ್ತಿದೆ.

ಇನ್ನೊಂದು ವಿಷಯ. ಅಲಾಯ್ ಜೊತೆ ಬಂದ ಹೊಳೆಯುವ ನಟ್ಟನ್ನೇ ಅಂಗಡಿಯವರು ಗನ್ನಿನಲ್ಲಿ (ನಟ್ಟು ಬಿಗಿಯುವ ಮೆಷಿನ್) ಬಿಗಿದಿದ್ದರು. ನಾನು ಸ್ಪ್ಯಾನರ್ ಹಾಕಿ ಬಿಚ್ಚುವಾಗ ಎರಡು ನಟ್ಟು ಕಿರ್ ಕಿರ್ ಅಂತ ಕಿರುಚಿದವು. ಮೇಲೆ ನಿಂತು ತುಳಿಯಬೇಕಾಯಿತು. ತೆಗೆದು ನೋಡಿದರೆ ನಟ್ಟಿನ ಒಳಗೆ ಹೊಳೆಯುವ ಕಬ್ಬಿಣದ ಚೂರು, ಕೊಬ್ಬರಿ ತುರಿದ ಹಾಗೆ. ಸ್ಟಡ್ಡಿನ ತುದಿಯ ಮೂರ್ನಾಲ್ಕು ಸುತ್ತು ಮರೆ (ಥ್ರೆಡ್) ಚಪ್ಪಟೆಯಾಗಿದೆ. ಇದು ತುಕ್ಕಾ?

ಲೇತ್ ಮೇಷ್ಟ್ರು
ತುಕ್ಕಲ್ಲ. ದಯವಿಟ್ಟು ಗಾಡಿ ತೆಗೆಯಬೇಡಿ. ಹಾಲು ತರೋಕೂ ಬೇಡ.

ಸುಜುಕಿ ಸ್ಟಡ್ಡು 12 ಮಿಲಿಮೀಟರ್, ಮರೆ 1.25 ಪಿಚ್, ಅಂದರೆ ಒಂದು ಮರೆಯಿಂದ ಮುಂದಿನ ಮರೆಗೆ 1.25 ಮಿಲಿಮೀಟರ್. ಹ್ಯುಂಡೈದೂ 12 ಮಿಲಿಮೀಟರೇ, ಆದರೆ ಪಿಚ್ 1.5. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಐ20 ನಟ್ಟು ಸ್ವಿಫ್ಟ್ ಸ್ಟಡ್ಡಿಗೆ ಮೊದಲ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಕೈಯಲ್ಲಿ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಗನ್ನಿಗೆ ಏನು ಗೊತ್ತು? ಅದು ಮರೆಯನ್ನೇ ಕೊರೆದುಕೊಂಡು ಒಳಗೆ ಹೋಗುತ್ತದೆ, ಬಿಗಿಯಾಯಿತು ಅಂತ ತೋರಿಸುತ್ತದೆ. ನಿಜಕ್ಕೂ ನಟ್ಟು ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿದಿರುವುದೇ ಇಲ್ಲ. ಯಾವ ಗಾಡಿಗೇ ಆಗಲಿ, ನಟ್ಟನ್ನು ಮೊದಲು ಬೆರಳಲ್ಲಿ ತಿರುಗಿಸಬೇಕು. 12 ಮಿಲಿಮೀಟರ್ ಸ್ಟಡ್ಡಿಗೆ ಕಡಿಮೆ ಎಂದರೂ ಅಷ್ಟೇ ಉದ್ದ ಮರೆ ಹಿಡಿಯಬೇಕು. 1.25 ಪಿಚ್ಚಿನಲ್ಲಿ ಅದು ಒಂಬತ್ತು ಹತ್ತು ಸುತ್ತು. ಎರಡು ಸುತ್ತಿಗೇ ನಿಂತರೆ ಅದು ನಿಮ್ಮ ನಟ್ಟಲ್ಲ.

ಕೆಟ್ಟ ಸ್ಟಡ್ಡುಗಳನ್ನು ಹಬ್ಬಿನಿಂದ ಒತ್ತಿ ತೆಗೆದು ಹೊಸದು ಹಾಕಬೇಕು. ಡೈ ಹಾಕಿ ಮರೆ ಎಳೆದುಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮರೆಯ ಕಬ್ಬಿಣ ಆಗಲೇ ಹೋಗಿದೆ.

ಬೇಲೂರು ಸ್ವಿಫ್ಟ್
ಮೇಷ್ಟ್ರೇ, ಇದನ್ನ ಓದಿ ಕೈಕಾಲು ತಣ್ಣಗಾಯಿತು. ಮೊನ್ನೆ ಇದೇ ಗಾಡಿಯಲ್ಲಿ ಅಮ್ಮನ್ನ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಚಾರ್ಮಾಡಿ ಇಳಿದು ಬಂದೆ.

ಮೂಡಿಗೆರೆ ಅಕ್ಕ
ಮಂಜುನಾಥ ಕಾಪಾಡಿದ ಬಿಡಪ್ಪ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿಂದ್ಯಾ?

ಬೇಲೂರು ಸ್ವಿಫ್ಟ್
ತಿಂದ್ವಿ ಅಕ್ಕ 🙂

ಸಕಲೇಶಪುರ ಮಳೆ
ಕೊಟ್ಟಿಗೆಹಾರದ ನೀರುದೋಸೆ ಮೊದಲಿನ ಹಾಗಿಲ್ಲ ಈಗ.

ಮೂಡಿಗೆರೆ ಅಕ್ಕ
ಮೊದಲಿನ ಹಾಗಿಲ್ಲ ಅಂತ ನಮ್ಮಪ್ಪನೂ ಹೇಳ್ತಿದ್ದರು. ತಿನ್ನೋದು ಬಿಡಲಿಲ್ಲ.

ಕೆಎ13 ಗುರು
ನಟ್ಟಿನ ವಿಷಯ ಒಪ್ಪಿದೆ, ಅದು ಅಂಗಡಿಯವನ ತಪ್ಪು. ಆದರೆ ಮಧ್ಯದ ತೂತು ದೊಡ್ಡದಿದ್ದರೆ ನಡುಗುತ್ತೆ ಅನ್ನೋದು ಒಪ್ಪಲ್ಲ. ಹೊರಗಡೆ ಸಿಗುವ ಅಲಾಯ್‌ಗಳ ತೂತು ದೊಡ್ಡದೇ ಇರುತ್ತೆ, ಎಲ್ಲಾ ಗಾಡಿಗೂ ಹೊಂದಲಿ ಅಂತ. ಆ ಸಂದು ತುಂಬೋಕೆ ರಿಂಗ್ ಹಾಕ್ತಾರಲ್ಲ, ನನ್ನ ಹೋಂಡಾ ಸಿಟಿಗೆ ಐದು ವರ್ಷದಿಂದ ರಿಂಗೂ ಇಲ್ಲ ಪಿಂಗೂ ಇಲ್ಲ. ಟೇಪರ್ ನಟ್ಟು, ಅಂದರೆ ತಳ ಶಂಕುವಿನ ಹಾಗೆ ಇರೋ ನಟ್ಟು, ತಾನೇ ಮಧ್ಯಕ್ಕೆ ಎಳೆದು ಕೂರಿಸುತ್ತೆ.

ಲೇತ್ ಮೇಷ್ಟ್ರು
ಅರ್ಧ ಸರಿ ಹೇಳಿದ್ದೀರಿ, ಅದಕ್ಕೇ ವಾದ ಮಾಡೋಕೆ ಖುಷಿ.

ಗಾಡಿಯ ಭಾರ ಹೊರುವುದು ರಿಂಗ್ ಅಲ್ಲ. ನಟ್ಟು ಬಿಗಿದಾಗ ರಿಮ್ಮಿನ ಮುಖ ಹಬ್ಬಿನ ಮುಖಕ್ಕೆ ಒತ್ತಿಕೊಳ್ಳುತ್ತದಲ್ಲ, ಆ ಹಿಡಿತ ಭಾರ ಹೊರುತ್ತದೆ. ರಿಂಗಿನ ಕೆಲಸ ಬಿಗಿಯುವಾಗ ಚಕ್ರವನ್ನು ಸರಿಯಾಗಿ ನಡುವಿನಲ್ಲಿ ಹಿಡಿದಿಡುವುದು. ಚಕ್ರ ಗಾಳಿಯಲ್ಲಿ ಎತ್ತಿರುವಾಗಲೇ, ಕೈಯಲ್ಲಿ, ಎದುರುಬದುರು ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದರೆ ಟೇಪರ್ ನಟ್ಟು ರಿಂಗ್ ಇಲ್ಲದೆಯೂ ಮಧ್ಯಕ್ಕೆ ತರಬಹುದು. ನಿಮ್ಮ ಗಾಡಿಗೆ ಹಾಕಿದವರು ತಾಳ್ಮೆಯವರು ಇರಬೇಕು. ಆದರೆ ಜಾಕಿ ಇಳಿಸಿ ಗನ್ನಿನಲ್ಲಿ ಒಂದೇ ನಟ್ಟನ್ನು ಮೊದಲು ಪೂರ್ತಿ ಬಿಗಿದರೆ ಚಕ್ರ ಒಂದು ಕಡೆಗೆ ಕೂದಲೆಳೆಯಷ್ಟು ಕೂತುಬಿಡುತ್ತದೆ. ಬ್ಯಾಲೆನ್ಸಿಂಗ್ ಮೆಷಿನ್ನಿನಲ್ಲಿ ಚಕ್ರವನ್ನು ಮಧ್ಯದ ತೂತಿಗೆ ಶಂಕು ಹಾಕಿ ಹಿಡಿಯುತ್ತಾರೆ. ಅಲ್ಲಿ ಸೊನ್ನೆ ತೋರಿಸುತ್ತದೆ. ಗಾಡಿಯ ಮೇಲೆ ಅದೇ ಚಕ್ರ ಓರೆ ತಿರುಗುತ್ತದೆ. ಬೇಲೂರಿನವರಿಗೆ ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದ್ದು ಇದಕ್ಕೇ.

ಗುರು ಅವರಿಗೆ ಒಂದು ಪ್ರಶ್ನೆ: ನಿಮ್ಮ ಸಿಟಿಯ ಕಂಪನಿ ನಟ್ಟನ್ನೇ ಅಲಾಯ್‌ಗೆ ಹಾಕಿದ್ದೀರಾ, ಬೇರೆ ನಟ್ಟಾ?

ಕೆಎ13 ಗುರು
ಕಂಪನಿದೇ. ಅದೇ ಗಟ್ಟಿ ಅಲ್ವಾ?

ಲೇತ್ ಮೇಷ್ಟ್ರು
ಹೋಂಡಾ ಕಂಪನಿ ನಟ್ಟಿನ ತಳ ಟೇಪರ್ ಅಲ್ಲ, ಗುಂಡಗಿರುತ್ತದೆ, ನಿಂಬೆಹಣ್ಣಿನ ತುದಿ ಹಾಗೆ. ಹೊರಗಡೆಯ ಅಲಾಯ್‌ಗಳ ತೂತು ಸಾಮಾನ್ಯವಾಗಿ 60 ಡಿಗ್ರಿ ಟೇಪರ್. ಗುಂಡಗಿನ ತಳ ಟೇಪರ್ ತೂತಿನಲ್ಲಿ ಒಂದು ಗೆರೆಯಷ್ಟೇ ತಾಗುತ್ತದೆ. ಒಂದು ನಟ್ಟು ಬಿಚ್ಚಿ ತೂತಿನ ಒಳಗೆ ಟಾರ್ಚ್ ಬಿಡಿ. ಬಳೆ ಥರ ಒಂದು ತೆಳು ಹೊಳಪಿನ ಗೆರೆ ಕಂಡರೆ ನಾನು ಹೇಳಿದ್ದು ನಿಜ.

ಕೆಎ13 ಗುರು
ಸಂಜೆ ನೋಡ್ತೇನೆ. ನೀವು ಸುಮ್ನಿರದವರು ಮೇಷ್ಟ್ರೇ.

ಪೋಲೋ ಪ್ರಿಯ
ನಮ್ಮದಕ್ಕೆ ನಟ್ಟೇ ಇಲ್ಲ, ಬೋಲ್ಟು! ಪೋಲೋ ಐದು ತೂತು, 100 ಪಿಸಿಡಿ, ಮಧ್ಯ 57.1. ಬೋಲ್ಟಿನ ತಳ ಗುಂಡಗೆ. ಹೊರಗಡೆ ಅಲಾಯ್ ಹಾಕಿದರೆ ಟೇಪರ್ ಬೋಲ್ಟ್ ಬೇಕು, ಅಲಾಯ್ ದಪ್ಪ ಜಾಸ್ತಿ ಇದ್ದರೆ ಬೋಲ್ಟ್ ಉದ್ದವೂ ಬದಲಾಗಬೇಕು. ಚಿಕ್ಕಮಗಳೂರಿನಲ್ಲಿ ಅರ್ಧ ದಿನ ಹುಡುಕಿ ಕೊನೆಗೆ ಬೆಂಗಳೂರಿನಿಂದ ತರಿಸಿದೆ. ಮಳೆಗಾಲದಲ್ಲಿ ಒಬ್ಬನೇ ಚಕ್ರ ಬದಲಿಸುವ ಸುಖ ಬೇರೆ. ನೇತು ಹಾಕೋಕೆ ಸ್ಟಡ್ಡು ಇಲ್ಲ. ಕಾಲ ಬೆರಳಿನ ಮೇಲೆ ಚಕ್ರ ಇಟ್ಟುಕೊಂಡು ತೂತು ಹುಡುಕಬೇಕು.

ಕಳಸ ಜಿಪ್ಸಿ
ನಮ್ಮ ಜಿಪ್ಸಿದು ಪಿಸಿಡಿ 139.7. ಜಿಮ್ನಿದೂ ಅದೇ. ಮಧ್ಯದ ತೂತೂ ಒಂದೇ, 108. ಎಲ್ಲಾ ಗಾಡಿಗಳೂ ಹೀಗಿದ್ದಿದ್ದರೆ ಈ ಚರ್ಚೆಯೇ ಬೇಡವಾಗಿತ್ತು.

ಕಡೂರು ಕಾಯಿ
139.7, 114.3 ಅಂತ ಈ ವಿಚಿತ್ರ ಅಂಕೆ ಯಾಕೆ? ನೇರ 140 ಅಂತ ಮಾಡೋಕೆ ಏನು ಕಷ್ಟ?

ಲೇತ್ ಮೇಷ್ಟ್ರು
ಇಂಚಿನ ಲೆಕ್ಕ. ಐದೂವರೆ ಇಂಚು ಅಂದರೆ 139.7. ನಾಲ್ಕೂವರೆ ಅಂದರೆ 114.3. ಐದು ತೂತಿದ್ದಾಗ ಎದುರುಬದುರು ತೂತು ಇರಲ್ಲ, ಅಳೆಯೋದು ಹೇಗೆ ಅಂತ ಕೇಳ್ತಾರೆ. ಪಕ್ಕಪಕ್ಕದ ಎರಡು ತೂತಿನ ಮಧ್ಯದಿಂದ ಮಧ್ಯಕ್ಕೆ ಅಳೆದು 1.7ರಿಂದ ಗುಣಿಸಿ. 67 ಚಿಲ್ಲರೆ ಬಂದರೆ 114.3. 59ರ ಹತ್ತಿರ ಬಂದರೆ 100. ನಾಲ್ಕು ತೂತಿಗೆ ಈ ತಾಪತ್ರಯ ಇಲ್ಲ, ಎದುರು ತೂತಿಗೇ ಟೇಪ್ ಹಿಡಿಯಿರಿ. ಆದರೆ 98ಕ್ಕೂ 100ಕ್ಕೂ ಟೇಪಿನಲ್ಲಿ ಮೋಸ ಹೋಗಬಹುದು, ಫಿಯಟ್ ರಿಮ್ 98. ಹುಷಾರು.

ಬೇಲೂರು ಸ್ವಿಫ್ಟ್
ಉಜ್ಜುವ ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲ. ರಿಂಗ್, ಸರಿಯಾದ ನಟ್ಟು ಹಾಕಿಸಿದರೆ ಅದೂ ಹೋಗುತ್ತಾ?

ಘಟ್ಟದ ಟ್ಯಾಕ್ಸಿ
ಹೋಗಲ್ಲ. ಅದು ಅಗಲ ಮತ್ತು ಆಫ್‌ಸೆಟ್ಟಿನ ಕಥೆ.

ಕೆಎ13 ಗುರು
ಇಟಿ35 ಅಂದರೆ ಹತ್ತು ಮಿಲಿಮೀಟರ್ ಆಚೀಚೆ. ಅಷ್ಟಕ್ಕೆಲ್ಲ ಉಜ್ಜುತ್ತಾ?

ಲೇತ್ ಮೇಷ್ಟ್ರು
ಆಫ್‌ಸೆಟ್ ಒಂದೇ ನೋಡಿದರೆ ಹತ್ತು. ಅಗಲವನ್ನೂ ಸೇರಿಸಿ ನೋಡಿ. ಲೆಕ್ಕಕ್ಕೆ ಹಳೇದು 5ಜೆ, ಇಟಿ45 ಅಂತ ಇಟ್ಕೊಳ್ಳಿ. ಹೊಸದು 7ಜೆ, ಇಟಿ35. ಅಗಲ ಎರಡು ಇಂಚು ಜಾಸ್ತಿ, ಅಂದರೆ ಒಳಗೆ ಒಂದು ಇಂಚು, ಹೊರಗೆ ಒಂದು ಇಂಚು. ಇಂಚಿಗೆ 25.4. ಇಟಿ ಹತ್ತು ಕಡಿಮೆಯಾದರೆ ಇಡೀ ರಿಮ್ ಹತ್ತು ಮಿಲಿಮೀಟರ್ ಹೊರಗೆ ಸರಿಯುತ್ತದೆ. ಹೊರಗಡೆ 25.4 ಕೂಡಿಸು 10, ಅಲ್ಲಿಗೆ ಮೂರೂವರೆ ಸೆಂಟಿಮೀಟರ್. ಒಳಗಡೆ 25.4 ಕಳೆ 10, ಅಲ್ಲಿಗೆ ಒಂದೂವರೆ. ರಿಮ್ ಎರಡೂ ಕಡೆ ಜಾಗ ತಿಂದಿದೆ. ಹೊರಗೆ ಮಡ್‌ಗಾರ್ಡ್ ತುಟಿ, ಒಳಗೆ ಸಸ್ಪೆನ್ಷನ್. ಹಿಂದೆ ಜನ ಕೂತಾಗ ಗಾಡಿ ಇಳಿಯುತ್ತದೆ, ತುಟಿ ಟಯರಿಗೆ ತಾಗುತ್ತದೆ.

ಟಯರಿನ ಭುಜದ ಮೇಲೆ ಕೈಯಾಡಿಸಿ ನೋಡಿ. ಚಾಕುವಿನಲ್ಲಿ ಕೆರೆದ ಹಾಗೆ ಗೆರೆ ಇರಬೇಕು.

ಬೇಲೂರು ಸ್ವಿಫ್ಟ್
ಇದೆ. ಹಿಂದಿನ ಎರಡೂ ಟಯರಿಗೆ ಹೊರಗಡೆ ಗೆರೆ. ಮುಂದೆ ಪೂರ್ತಿ ಸ್ಟೇರಿಂಗ್ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ ತಾಗುತ್ತೆ.

ಕಡೂರು ಕಾಯಿ
ಹಾಗಂತ ದೊಡ್ಡ ಟಯರ್ ಕೆಟ್ಟದ್ದಲ್ಲ. ನಾನೂ 205/65 ಹಾಕಿದ್ದೇನೆ. ಗಾಡಿ ಎತ್ತರ ಆಗುತ್ತೆ, ಕೆಳಗೆ ತಾಗಲ್ಲ. ಮಲೆನಾಡಿನ ರಸ್ತೆಗೆ ಅದೇ ಬೇಕು.

ಮೂಡಿಗೆರೆ ಅಕ್ಕ
ಕಡೂರು ಬಯಲಿನಲ್ಲಿ ಕೂತು ಮಲೆನಾಡಿನ ರಸ್ತೆ ಹೇಳ್ತೀಯಲ್ಲೋ! ಎಷ್ಟು ಎತ್ತರ ಆಯಿತು, ಲೆಕ್ಕ ಹಾಕಿದ್ದೀಯಾ? 165/80 ಆರ್14 ಅಂದರೆ ಒಟ್ಟು ಎತ್ತರ ಹತ್ತಿರ ಹತ್ತಿರ 620 ಮಿಲಿಮೀಟರ್. 205/65 ಆರ್15 ಅಂದರೆ 647. ಗಾಡಿ ಏರೋದು ಅದರ ಅರ್ಧ, 14 ಮಿಲಿಮೀಟರ್. ನನ್ನ ಕಿರುಬೆರಳಿನ ದಪ್ಪ. ಅದಕ್ಕೋಸ್ಕರ ಸ್ಪೀಡೋಮೀಟರ್ 80 ತೋರಿಸುವಾಗ ನೀನು 83ರ ಮೇಲೆ ಹೋಗ್ತಿರ್ತೀಯ, ಎಂಜಿನ್ ಏರಿನಲ್ಲಿ ಏದುಸಿರು ಬಿಡುತ್ತೆ. ಎತ್ತರದ ವ್ಯತ್ಯಾಸ ಮೂರು ಪರ್ಸೆಂಟ್ ಒಳಗೆ ಇಟ್ಕೊಳ್ಳಿ ಅಂತಾರೆ, ಇದು ನಾಲ್ಕೂವರೆ.

ಕಡೂರು ಕಾಯಿ
ಅಕ್ಕ ಲೆಕ್ಕದಲ್ಲೂ ಜೋರು.

ಮೂಡಿಗೆರೆ ಅಕ್ಕ
ತೋಟದ ಕೂಲಿ ಲೆಕ್ಕ ಬರೆದೂ ಬರೆದೂ ಇಷ್ಟಾಗದಿದ್ದರೆ ಹೇಗೆ? ಇನ್ನೊಂದು ಮಾತು. ನಮ್ಮ ಕಡೆಗೆ ದೊಡ್ಡ ರಿಮ್ಮು, ತೆಳು ಟಯರು ಬೇಡವೇ ಬೇಡ. 165/80ರಲ್ಲಿ ರಿಮ್ಮಿನಿಂದ ನೆಲಕ್ಕೆ 132 ಮಿಲಿಮೀಟರ್ ರಬ್ಬರ್ ಇರುತ್ತೆ. 195/55 ಆರ್16 ಹಾಕಿದರೆ ಒಟ್ಟು ಎತ್ತರ ಅಷ್ಟೇ, ರಬ್ಬರ್ 107. ಗುಂಡಿಗೆ ಬಿದ್ದಾಗ ಆ ರಬ್ಬರೇ ರಿಮ್ ಕಾಯೋದು. ಸ್ಟೀಲ್ ಡಿಸ್ಕ್ ಬೆಂಡಾದರೆ ಸುತ್ತಿಗೆಯಲ್ಲಿ ತಟ್ಟಿಸಿ ಮನೆ ಸೇರಬಹುದು. ಅಲಾಯ್ ಸೀಳುತ್ತೆ.

ಅರಸೀಕೆರೆ ಪ್ಯಾಸೆಂಜರ್
ಅಲಾಯ್ ಸೀಳಿದರೆ ವೆಲ್ಡಿಂಗ್ ಮಾಡ್ತಾರಲ್ಲ?

ಲೇತ್ ಮೇಷ್ಟ್ರು
ಮಾಡ್ತಾರೆ. ನಾನು ಮಾಡಿಸಲ್ಲ. ಅಲಾಯ್‌ಗೆ ಗಟ್ಟಿ ಬರುವುದೇ ಎರಕದ ನಂತರ ಕೊಡುವ ಶಾಖದ ಹದದಿಂದ. ವೆಲ್ಡಿಂಗ್ ಶಾಖಕ್ಕೆ ಆ ಜಾಗದ ಹದ ಹೋಗುತ್ತದೆ. ಹಳೇ ಸೆಟ್ ತಗೊಳ್ಳುವಾಗ ಒಳಗಡೆ ಅಂಚಿನ ಸುತ್ತ ಬೆರಳಾಡಿಸಿ, ಒಂದೇ ಕಡೆ ಉಜ್ಜಿ ಬಣ್ಣ ಬಳಿದಿದ್ದರೆ ಅಲ್ಲಿ ವೆಲ್ಡಿಂಗ್ ಆಗಿದೆ ಅಂತ ಅನುಮಾನ ಪಡಿ. ಟಯರ್ ತೆಗೆಸಿ ಮೆಷಿನ್ನಿನಲ್ಲಿ ತಿರುಗಿಸಿ ನೋಡಿ. ರಿಮ್ ಮೇಲೆ ಹೊರಬಲ್ಲ ಭಾರವೂ ಅಚ್ಚಾಗಿರಬೇಕು, ಜೆಡಬ್ಲ್ಯುಎಲ್ ಗುರುತು ಇದ್ದರೆ ಒಳ್ಳೆಯದು, ಅದು ಜಪಾನಿನ ಅಲಾಯ್ ಮಾನದಂಡ. ಏನೂ ಅಚ್ಚಿಲ್ಲದ ನುಣ್ಣಗಿನ ರಿಮ್ ಎಷ್ಟೇ ಅಗ್ಗವಿದ್ದರೂ ಬೇಡ.

ಸಕಲೇಶಪುರ ಮಳೆ
ಟಯರಿನ ವಯಸ್ಸೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟಯರಿನ ಮೇಲಿನ ಗುಂಡಿ (ಟ್ರೆಡ್) ಚೆನ್ನಾಗಿದೆ ಅಂತ ಹಳೇ ರಬ್ಬರ್ ಕೊಡ್ತಾರೆ. ನಮ್ಮ ಮಳೆಗೆ ಗಟ್ಟಿಯಾದ ರಬ್ಬರ್ ಸಾಬೂನಿನ ಹಾಗೆ ಜಾರುತ್ತೆ.

ಘಟ್ಟದ ಟ್ಯಾಕ್ಸಿ
ಸ್ಟೆಪ್ನಿ ಮರೀಬೇಡಿ. ಅಲಾಯ್ ಹಾಕಿಸಿದವರು ಹಳೇ ಸ್ಟೀಲ್ ನಟ್ಟು ಮನೆಯಲ್ಲಿ ಬಿಟ್ಟು ಬರ್ತಾರೆ. ಸ್ಟೆಪ್ನಿ ಸ್ಟೀಲ್, ಅಲಾಯ್ ನಟ್ಟು ಎಷ್ಟೋ ಸಲ ಅದಕ್ಕೆ ಹೊಂದಲ್ಲ. ತಲೆ ಮುಚ್ಚಿದ ನಟ್ಟಾದರೆ ಇನ್ನೂ ಅಪಾಯ. ಸ್ಟೀಲ್ ತೆಳು, ಸ್ಟಡ್ಡು ನಟ್ಟಿನ ತಲೆಗೆ ತಾಗಿ ನಿಂತುಬಿಡುತ್ತೆ. ಸ್ಪ್ಯಾನರ್‌ಗೆ ಬಿಗಿ ಅನ್ನಿಸುತ್ತೆ, ಚಕ್ರ ಸಡಿಲ ಇರುತ್ತೆ.

ಒಂದು ಮಳೆ ರಾತ್ರಿ ಮಾರನಹಳ್ಳಿ ಹತ್ತಿರ ಬೆಂಗಳೂರಿನ ಒಂದು ಗಾಡಿ ನಿಂತಿತ್ತು. ಕಳ್ಳರ ಭಯಕ್ಕೆ ಲಾಕ್ ನಟ್ಟು ಹಾಕಿಸಿದ್ದರು. ಅದರ ಕೀಲಿ ಮನೆಯ ಟಿವಿ ಮೇಲೆ! ಮೂರು ನಟ್ಟು ಬಿಚ್ಚಿ ನಾಲ್ಕನೆಯದರ ಮುಂದೆ ಗಂಡ ಹೆಂಡತಿ ಮೌನವಾಗಿ ಕೂತಿದ್ದರು. ಅಷ್ಟು ಮೌನ ನಾನು ಶಿರಾಡಿಯಲ್ಲಿ ನೋಡಿಲ್ಲ.

ಪೋಲೋ ಪ್ರಿಯ
😂😂 ಆಮೇಲೆ?

ಘಟ್ಟದ ಟ್ಯಾಕ್ಸಿ
ಟೋಯಿಂಗ್ ಲಾರಿ. ಹೆಂಡತಿ ನನ್ನ ಗಾಡಿಯಲ್ಲಿ ಸಕಲೇಶಪುರಕ್ಕೆ ಬಂದರು, ಗಂಡ ಲಾರಿಯಲ್ಲಿ.

ಅರಸೀಕೆರೆ ಪ್ಯಾಸೆಂಜರ್
ಕಾನೂನು ಏನು ಹೇಳುತ್ತೆ? ಪೊಲೀಸರು ಹಿಡೀತಾರಾ?

ಕಳಸ ಜಿಪ್ಸಿ
ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಅದೇ ಮಾಡೆಲ್‌ನ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಕೊಡುವ ರಿಮ್, ಟಯರ್ ಹಾಕಿದರೆ ತಕರಾರು ಬರೋದು ಕಡಿಮೆ. ಮಡ್‌ಗಾರ್ಡ್ ಆಚೆ ಟಯರ್ ಕಾಣಿಸಿಕೊಂಡು ಓಡಾಡಿದರೆ ನೀವೇ ಕೈ ಅಡ್ಡ ಹಾಕಿ ಕರೆದ ಹಾಗೆ. ಇನ್ಶೂರೆನ್ಸ್‌ನವರಿಗೂ ಮೊದಲೇ ತಿಳಿಸಿ. ಆಮೇಲೆ ಕ್ಲೇಮ್ ಹೊತ್ತಿಗೆ ಅವರ ನೆನಪು ಚುರುಕಾಗುತ್ತೆ.

ಲೇತ್ ಮೇಷ್ಟ್ರು
ಸುಲಭದ ದಾರಿ ಅದೇ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಟಯರ್ ಅಳತೆಯ ಸ್ಟಿಕ್ಕರ್ ಇರುತ್ತದೆ. 2018ರ ಸ್ವಿಫ್ಟ್‌ಗೆ ಮೇಲಿನ ವೇರಿಯಂಟ್‌ನಲ್ಲಿ 185/65 ಆರ್15 ಕೊಟ್ಟಿದ್ದಾರೆ. ಎತ್ತರ 621, ನಿಮ್ಮ ಹಳೇ ಟಯರಿಗೂ ಅದಕ್ಕೂ ಎರಡು ಮಿಲಿಮೀಟರ್ ವ್ಯತ್ಯಾಸ ಇಲ್ಲ. ಮಧ್ಯದ ತೂತು, ಇಟಿ, ನಟ್ಟು ಎಲ್ಲಾ ಅದರದ್ದೇ. ಯಾರಾದರೂ ದೊಡ್ಡ ಅಲಾಯ್ ಹಾಕಿಸಿ ಕಂಪನಿ ಸೆಟ್ ಬಿಚ್ಚಿಟ್ಟಿರುತ್ತಾರೆ, ಅದನ್ನು ಹುಡುಕಿ.

ಕೆಎ13 ಗುರು
ಮೇಷ್ಟ್ರೇ, ಟಾರ್ಚ್ ಬಿಟ್ಟು ನೋಡಿದೆ. ಗೆರೆ ಇದೆ. ಬಳೆ ಥರವೇ ಇದೆ. ಟೇಪರ್ ನಟ್ಟಿಗೆ ಹೇಳಿದ್ದೇನೆ. ಇನ್ನು ಮೂರು ದಿನ ಯಾರೂ ನನ್ನ ಹತ್ತಿರ ಮಾತಾಡಬೇಡಿ.

ಮೂಡಿಗೆರೆ ಅಕ್ಕ
ಗುರು, ಪಿಚ್ ಕೇಳಿ ತಗೊಂಡ್ಯಾ?

ಕೆಎ13 ಗುರು
1.5 ಅಕ್ಕ. ಕೇಳಿದೆ. ಎರಡು ಸಲ ಕೇಳಿದೆ.

ಬೇಲೂರು ಸ್ವಿಫ್ಟ್
ಹತ್ತು ದಿನ ಆದ ಮೇಲೆ ಬರೀತಿದ್ದೇನೆ. ಮೆಕ್ಯಾನಿಕ್ ಮನೆಗೇ ಬಂದರು. ನಾಲ್ಕು ಚಕ್ರದಲ್ಲಿ ಒಟ್ಟು ಐದು ಸ್ಟಡ್ಡು ಕೆಟ್ಟಿತ್ತು, ಬದಲಿಸಿದೆವು. ಹಬ್ಬಿನ ಮುಖದ ತುಕ್ಕನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿದರು. ಅಷ್ಟು ತುಕ್ಕು ಮಧ್ಯೆ ಇದ್ದರೆ ಯಾವ ರಿಮ್ಮೂ ಸಪಾಟಾಗಿ ಕೂರಲ್ಲ ಅಂದರು. ಸದ್ಯಕ್ಕೆ ಹಳೇ ಸ್ಟೀಲ್ ಡಿಸ್ಕ್ ಮೂರು, ಹೊಸದು ಒಂದು. ನಡುಕ ಇಲ್ಲ, ಸದ್ದಿಲ್ಲ. ಚಿಕ್ಕಮಗಳೂರಿನಲ್ಲಿ ಒಬ್ಬರ ಹತ್ತಿರ ಸ್ವಿಫ್ಟ್‌ನದ್ದೇ 15 ಇಂಚಿನ ಕಂಪನಿ ಅಲಾಯ್ ಇದೆಯಂತೆ, ಶನಿವಾರ ನೋಡೋಕೆ ಹೋಗ್ತಿದ್ದೇನೆ.

ಘಟ್ಟದ ಟ್ಯಾಕ್ಸಿ
ಹಾಕಿಸಿದ ಮೇಲೆ 50-100 ಕಿಲೋಮೀಟರ್ ಓಡಿಸಿ ಇನ್ನೊಂದು ಸಲ ನಟ್ಟು ಬಿಗಿಸಿ ನೋಡಿ. ಟಾರ್ಕ್ ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿದೆ. ಸ್ಪ್ಯಾನರ್ ಮೇಲೆ ನಿಂತು ಕುಣೀಬೇಡಿ.

ಸಕಲೇಶಪುರ ಮಳೆ
ಹಬ್ಬಿನ ಮೂತಿಗೆ ತೆಳ್ಳಗೆ ಗ್ರೀಸ್ ಸವರಿ. ಇಲ್ಲದಿದ್ದರೆ ಮಳೆಗಾಲ ಮುಗಿಯೋ ಹೊತ್ತಿಗೆ ಅಲಾಯ್ ಹಬ್ಬಿಗೆ ಅಂಟಿಕೊಂಡು ಒದ್ದರೂ ಬರಲ್ಲ. ಸ್ಟಡ್ಡಿಗೆ ಮಾತ್ರ ಗ್ರೀಸ್ ಬೇಡ.

ಅರಸೀಕೆರೆ ಪ್ಯಾಸೆಂಜರ್
ಆ ಐ20 ಅಲಾಯ್ ಏನು ಮಾಡಿದಿರಿ? ನಮ್ಮ ಭಾವನ ಹತ್ತಿರ ಐ20 ಇದೆ.

ಬೇಲೂರು ಸ್ವಿಫ್ಟ್
ಕೊಟ್ಟಿಗೆಯಲ್ಲಿದೆ, ಮೇಲೆ ಕೋಳಿ ಮಲಗ್ತಿದೆ. ಐ20 ಹಬ್ಬೂ 54ರ ಸುಮಾರೇ, ರಿಂಗ್ ಅವರಿಗೂ ಬೇಕು. ಮಡ್‌ಗಾರ್ಡಿಗೆ ತಾಗುತ್ತಾ ಅಂತ ಮೊದಲು ಇಟ್ಟು ನೋಡಲಿ. ಆಮೇಲೆ ರೇಟು ಮಾತಾಡೋಣ. ನಟ್ಟು ಮಾತ್ರ ಕೊಡಲ್ಲ, ಐದು ಎಸೆದುಬಿಟ್ಟೆ.